ಕೂಲಿಮಠದ ಪಾಠಕ್ಕೆ ಬಂದ ಹಿಟ್ಟು

ಮದುವೆ ಮಾತುಕತೆಯಲ್ಲಿ ಮೋಹನ್‌ಬಾಬುವಿನ ಪರವಾಗಿ ಇದ್ದ ಅಂಶ ಒಂದೇ: ಸರ್ಕಾರಿ ಕೆಲಸ. ಎತ್ತರ ಸಾಧಾರಣ, ಕೂದಲು ಹಿಂದಕ್ಕೆ ಸರಿಯುತ್ತಿತ್ತು, ಬೈಕು ಅಣ್ಣನ ಹೆಸರಿನಲ್ಲಿತ್ತು. ಇದನ್ನು ಬೇರೆಯವರು ಹೇಳಬೇಕಿರಲಿಲ್ಲ. ಶಿಡ್ಲಘಟ್ಟದಿಂದ ಅವನ ತಾಯಿ ಶ್ಯಾಮಲಮ್ಮನೇ ಫೋನು ಮಾಡಿ ಹೇಳುತ್ತಿದ್ದರು.

“ಚಿಂತಾಮಣಿ ಹುಡುಗಿಯ ಸೋದರಮಾವ ಈ ವಾರ ನಿಮ್ಮ ಸ್ಕೂಲ್ ಹತ್ರ ವಿಚಾರಿಸೋಕೆ ಬರ್ತಾನಂತೆ ಕಣಪ್ಪ. ಯಾವತ್ತು ಅಂತ ಹೇಳಲ್ವಂತೆ. ಟೊಮೇಟೊ ಮಂಡಿಯೋನು, ಹಣ್ಣು ಮೂಸಿ ನೋಡೋ ಹಂಗೆ ಮನುಷ್ಯರನ್ನೂ ಮೂಸ್ತಾನಂತೆ. ಗೌರ್ಮೆಂಟ್ ಕೆಲಸ ಒಂದೇ ನಮ್ಮ ಕೈಲಿರೋದು. ಅದನ್ನಾದ್ರೂ ನೆಟ್ಟಗೆ ತೋರಿಸು.”

“ಗೌರ್ಮೆಂಟ್ ಕೆಲಸಾನ ಹೆಂಗಮ್ಮ ತೋರಿಸೋದು?”

“ಬಿಗಿಯಾಗಿರು. ನಗಬೇಡ. ಮಕ್ಕಳ ಜತೆ ಕುಣೀಬೇಡ.”

ಮೂರನ್ನೂ ಪಾಲಿಸಲು ಮೋಹನ್‌ಬಾಬು ಸಿದ್ಧನಿದ್ದ. ಹುಡುಗಿಯ ಹೆಸರು ಮಾಲಾ. ಚಿಂತಾಮಣಿಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವಳು ಕಳಿಸಿದ್ದು ರೇಷ್ಮೆ ಸೀರೆಯುಟ್ಟು ತಲೆ ತಗ್ಗಿಸಿದ ಫೋಟೊ ಅಲ್ಲ. ಮೈಕ್ರೋಸ್ಕೋಪಿನ ಪಕ್ಕ ನಿಂತು, ಫೋಟೊ ತೆಗೆಯುತ್ತಿದ್ದವರನ್ನೇ ಗದರಿಸುತ್ತಿರುವಂತೆ ಬಾಯಿ ತೆರೆದಿದ್ದಳು. ಏನು ಗದರಿಸುತ್ತಿದ್ದಾಳೆ ಎಂದು ತಿಳಿದುಕೊಳ್ಳುವ ಆಸೆ ಅವನಿಗೆ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು.

ನಗರಗೆರೆಯಿಂದ ಒಳಕ್ಕೆ ಹೋದರೆ ಸಿಗುವ ಗುಟ್ಟಪಾಳ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಅವನೊಬ್ಬನೇ ಮೇಷ್ಟ್ರು. ಆ ವಾರದ ಪಾಠ ‘ನಮ್ಮ ಶಾಲೆ ಅಂದು ಇಂದು.’ ಪಾತ್ರಾಭಿನಯದ ಮೂಲಕ ಕಲಿಸಿದರೆ ಮಕ್ಕಳು ಮರೆಯುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಬುಧವಾರ ಅವನು ಟವೆಲನ್ನು ಪೇಟದಂತೆ ಸುತ್ತಿಕೊಂಡು, ಜಗಲಿಯ ಮೇಲೆ ಮರಳು ಹರಡಿ, ಚಕ್ಕಳಮಕ್ಕಳ ಹಾಕಿ ಕುಳಿತ.

“ನಾನು ಐಗಳು, ಅಂದ್ರೆ ಹಳೇ ಕಾಲದ ಮೇಷ್ಟ್ರು. ಇದು ಕೂಲಿಮಠ, ಆಗಿನ ಶಾಲೆ. ಹಲಗೆ ಇಲ್ಲ, ಪುಸ್ತಕ ಇಲ್ಲ. ಮರಳಿನ ಮೇಲೆ ಬೆರಳಲ್ಲಿ ತೀಡಬೇಕು.”

ಇನ್ನೂರು ವರ್ಷದ ಹಿಂದೆ ಬಳ್ಳಾರಿಯ ಕಲೆಕ್ಟರೊಬ್ಬರು ಬರೆದಿಟ್ಟ ಸಂಗತಿಯನ್ನೂ ಅವನು ಬಿಡಲಿಲ್ಲ. ಆಗಿನ ಮಠಗಳಲ್ಲಿ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಒಂದೇಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಾ ಹೋಗುತ್ತಿತ್ತು. ಮೋಹನ್‌ಬಾಬು ಪೇಪರು ಸುತ್ತಿ ಛಡಿ ಮಾಡಿಕೊಂಡು ಇದನ್ನು ಆಡಿ ತೋರಿಸಿದ. ಏಟು ಎಷ್ಟು ಚೆನ್ನಾಗಿತ್ತೆಂದರೆ ಸರಸ್ವತಿ ಪಡೆದವಳು ಅಳುಮುಖ ಮಾಡಿಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.

ಅವಳು ಐದನೇ ತರಗತಿಯ ಭಾನುಪ್ರಿಯಾ. ಏಟು ತಿಂದು ತೃಪ್ತಳಾದ ಮೇಲೆ ಕೇಳಿದಳು: “ಸಾರ್, ಕೂಲಿಮಠದಲ್ಲಿ ನಾನು ಎಲ್ಲಿ ಕೂತಿರ್ತಿದ್ದೆ?”

“ಹೆಣ್ಣುಮಕ್ಕಳನ್ನ ಹೆಚ್ಚಾಗಿ ಸೇರಿಸ್ಕೊಳ್ತಿರಲಿಲ್ಲಮ್ಮ.”

ನಾಲ್ಕನೇ ತರಗತಿಯ ಸಿದ್ಧಾರ್ಥ್ ಎದ್ದು ನಿಂತ. “ನಾನು ಸಾರ್?”

ಮೋಹನ್‌ಬಾಬುವಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ನಿಮ್ಮ ಕೇರಿಯವರನ್ನ ಜಗಲಿ ಹತ್ತಕ್ಕೂ ಬಿಡ್ತಿರಲಿಲ್ಲಪ್ಪ.”

ಮಕ್ಕಳೆಲ್ಲ ಒಬ್ಬರನ್ನೊಬ್ಬರು ನೋಡಿ ಲೆಕ್ಕ ಹಾಕಿದರು. “ಮತ್ತೆ ಯಾರಿರ್ತಿದ್ರು ಸಾರ್?” ಎಂದಳು ಭಾನುಪ್ರಿಯಾ. “ನೀವೊಬ್ರೇನಾ?”

“ಅದಕ್ಕೇ ಕಣ್ರೋ ಸರ್ಕಾರ ಶಾಲೆ ತೆಗೆದದ್ದು,” ಎಂದು ಅವನು ಹುರುಪಿನಿಂದ ಮುಂದುವರಿದ. ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರ ಸುಮಾರಿಗೆ ಬಂತೆಂದ. ಕಾಗದದ ಮೇಲೆ ಎಲ್ಲರಿಗೂ ತೆರೆದ ಬಾಗಿಲು ನಿಜವಾಗಿ ತೆರೆದುಕೊಳ್ಳಲು ಇನ್ನೂ ಬಹಳ ವರ್ಷ ಹಿಡಿಯಿತೆಂದ. ಆಮೇಲೆ, ಬುಧವಾರದ ಅತ್ಯುತ್ತಮ ಭಾಗವೆಂದು ಅವನು ಭಾವಿಸಿದ್ದ ಭಾಗಕ್ಕೆ ಬಂದ. ಐಗಳ ದನಿಯಲ್ಲಿ, ಹೊಟ್ಟೆ ಹಿಡಿದುಕೊಂಡು ಹೇಳಿದ:

“ನನಗೆ ಸರ್ಕಾರ ಸಂಬಳ ಕೊಡಲ್ಲ ಮಕ್ಕಳೇ. ನಿಮ್ಮ ಮನೆಯೋರು ಕೊಟ್ಟ ರಾಗಿಯಲ್ಲೇ ನನ್ನ ಜೀವನ. ಮಾನವಮಿ ಬಂತು ಅಂದ್ರೆ ನೀವೆಲ್ಲ ಬಣ್ಣದ ಕೋಲು ಹಿಡ್ಕೊಂಡು, ಮನೆಮನೆ ಮುಂದೆ ನಾಲ್ಕು ಸಾಲಿನ ಚೌಪದ ಹಾಡಿ, ನನಗೆ ಕಾಣಿಕೆ ಎತ್ತಿಕೊಂಡು ಬರಬೇಕು. ಇಲ್ಲದಿದ್ರೆ ನಿಮ್ಮ ಐಗಳಿಗೆ ಉಪವಾಸವೇ ಗತಿ!”

ಸಿದ್ಧಾರ್ಥನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಬಿಸಿಯೂಟದ ಮುನಿಶಾಮಮ್ಮ ತಟ್ಟೆ ಬಡಿದರು, ಮಕ್ಕಳು ಓಡಿದರು. ಪಾತ್ರದೊಳಕ್ಕೆ ಹೋದ ಮೇಲೆ ಹೊರಕ್ಕೂ ಬರಬೇಕು, ‘ಆಟ ಮುಗಿಯಿತು’ ಎಂದು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು ಎಂದು ಕೂಡ ತರಬೇತಿಯಲ್ಲಿ ಹೇಳಿದ್ದರು. ಆದರೆ ಅದನ್ನು ಹೇಳಿದ್ದು ಊಟದ ನಂತರದ ಅವಧಿಯಲ್ಲಿ. ಆ ಅವಧಿಯಲ್ಲಿ ಮೋಹನ್‌ಬಾಬು ಎಚ್ಚರವಿದ್ದನೆಂದು ಯಾರೂ ಖಚಿತವಾಗಿ ಹೇಳಲಾರರು.

ಮರುದಿನ ಬೆಳಗ್ಗೆ ಗುಟ್ಟಪಾಳ್ಯದ ಗೇಟ್ ಸ್ಟಾಪಿನಲ್ಲಿ ಅವನ ಜೊತೆ ಇನ್ನೊಬ್ಬರು ಬಸ್ಸಿಳಿದರು. ಬಿಳಿ ಶರಟು, ಬಿಳಿ ಪಂಚೆ, ಜೇಬಿನಲ್ಲಿ ಎರಡು ಫೋನು.

“ಸ್ಕೂಲಿಗೆ ಈ ದಾರೀನಾ? ನಾನು ಚಿಂತಾಮಣಿ ಆವಲಪ್ಪ ಅಂತ. ಇಲ್ಲಿ ಮೋಹನ್‌ಬಾಬು ಅಂತ ಒಬ್ಬ ಮೇಷ್ಟ್ರಿದಾನಂತಲ್ಲ, ಹೆಂಗೆ ಹುಡುಗ? ನೀವು ಇದೇ ಊರೋರಾ?”

ಶಿಡ್ಲಘಟ್ಟದ ಸ್ಟುಡಿಯೋದವನು ಮೋಹನ್‌ಬಾಬುವಿನ ಫೋಟೊವನ್ನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ ಎದುರು ನಿಂತರೂ ಗುರುತು ಸಿಕ್ಕಿರಲಿಲ್ಲ. “ಅದು... ನಾನೇ...” ಎನ್ನುವಷ್ಟರಲ್ಲಿ ಊರೊಳಗಿಂದ ತಮಟೆಯ ಸದ್ದು ಬಂತು. ತಮಟೆಯಲ್ಲ, ಬಿಸಿಯೂಟದ ಪಾತ್ರೆ. ಅದರ ಹಿಂದೆ ಬಣ್ಣದ ಕಾಗದ ಸುತ್ತಿದ ಪೊರಕೆಕಡ್ಡಿ ಹಿಡಿದ ಇಡೀ ಶಾಲೆ. ಮುಂದೆ ಭಾನುಪ್ರಿಯಾ ತಾನೇ ಕಟ್ಟಿದ ಚೌಪದವನ್ನು ಕಿರುಚುತ್ತಿದ್ದಳು:

“ಸರ್ಕಾರ ಕೊಡೋದಿಲ್ಲ ಸಾರಿಗೆ ಸಂಬಳ,
ಮೊರ ತುಂಬ ಹಾಕ್ರಮ್ಮ ಹಿಟ್ಟು ಕುಂಬಳ!
ಕೊಟ್ಟೋರ ಮನೆಗೆಲ್ಲ ಹಾಲು ತುಪ್ಪ,
ಕೊಡದೋರ ಮೊಬೈಲ್ಗೆ ಸಿಗ್ನಲ್ಲೇ ಇಲ್ಲಪ್ಪ!”

ಊರು ಸಿಗ್ನಲ್ಲಿನ ಅಪಾಯವನ್ನು ಗಂಭೀರವಾಗಿ ಪರಿಗಣಿಸಿತ್ತು. ಹಿಂದೆ ಒಂದು ತಳ್ಳುಗಾಡಿ ತುಂಬ ಟೊಮೇಟೊ, ಕುಂಬಳಕಾಯಿ, ಕಟ್ಟಿಹಾಕಿದ ಒಂದು ಹುಂಜ, ಯಾರೋ ಕೊಟ್ಟ ಹಳೇ ಸ್ವೆಟರ್. ನಡುವೆ ಒಂದು ನೀಲಿ ಡ್ರಮ್ಮು. ಅದರಲ್ಲಿ ರಾಗಿ ಹಿಟ್ಟು. ಕಾಳು ಕೊಟ್ಟರೆ ಒಂಟಿ ಮನುಷ್ಯ ಎಲ್ಲಿ ಬೀಸಿಸುತ್ತಾನೆ ಎಂದು ಹೆಂಗಸರು ಹಿಟ್ಟನ್ನೇ ಕೊಟ್ಟಿದ್ದರು. ಒಬ್ಬಜ್ಜಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಿತು: “ಪಾಪಂ, ಸಾರ್ಕಿ ಜೀತಮೇ ಲೇದಂಟ!”

ತೆಲುಗು ಆವಲಪ್ಪನವರಿಗೆ ಮಂಡಿಯ ಭಾಷೆ. ಸಂಬಳವೇ ಇಲ್ಲವಂತೆ ಎಂಬುದು ನೇರವಾಗಿ ಹೋಗಿ ನಾಟಿತು.

“ಏಯ್ ಪಾಪ, ಯಾವ ಸಾರ್‌ಗಮ್ಮ ಸಂಬಳ ಇಲ್ಲ?”

“ಅವರಿಗೇ! ನಿಮ್ಮ ಪಕ್ಕದಲ್ಲಿದಾರಲ್ಲ, ಮೋಹನ್‌ಬಾಬು ಸಾರ್. ನಿನ್ನೆ ಅವರೇ ಹೇಳಿದ್ರು. ಹೊಟ್ಟೆ ಹಿಡ್ಕೊಂಡು.”

ಆವಲಪ್ಪ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಓಹೋ. ನೀವೇನಾ? ಗೌರ್ಮೆಂಟ್ ಕೆಲಸ ಅಂತ ಹೇಳ್ಕೊಂಡು ಊರೆಲ್ಲಾ ಭಿಕ್ಷೆ ಎತ್ತಿಸ್ತಿದೀರಾ? ಒಳ್ಳೇದಾಯ್ತು, ಬಂದದ್ದು. ಗೌರಿಬಿದನೂರಲ್ಲಿ ಇನ್ನೊಬ್ಬ ಹುಡುಗ ಇದಾನೆ. ವಾಪಸ್ ಬಸ್ಸು ಯಾವಾಗ?”

“ಮಧ್ಯಾಹ್ನ ಸಾರ್. ಅಲ್ಲೀವರೆಗೂ ಬಸ್ಸಿಲ್ಲ. ಸಾರ್, ಇದು ಪಾಠ ಸಾರ್...”

“ಏನ್ ಪಾಠಾನಯ್ಯ ಇದು, ಕೋಳಿ ಕೊಡೋ ಪಾಠ?”

ಮೋಹನ್‌ಬಾಬು ಫೋನು ತೆಗೆದು ಬ್ಯಾಂಕಿನ ಮೆಸೇಜು ತೋರಿಸಿದ. ಆವಲಪ್ಪ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಒಂದನೇ ತಾರೀಕಿನ ಆಸುಪಾಸಿನಲ್ಲಿ ಸಂಬಳ ಬಂದಿತ್ತು. ಹಿಂದಿನ ತಿಂಗಳೂ ಬಂದಿತ್ತು. ಅವರು ಫೋನಿನಿಂದ ತಳ್ಳುಗಾಡಿಗೆ, ತಳ್ಳುಗಾಡಿಯಿಂದ ಫೋನಿಗೆ ಕಣ್ಣಾಡಿಸಿದರು. ಮುಖ ನಿಧಾನವಾಗಿ ಅರಳತೊಡಗಿತು.

“ಅಂದ್ರೆ... ಅದೂ ಬರ್ತದೆ, ಇದೂ ಬರ್ತದೆ?”

“ಅಲ್ಲ ಸಾರ್...”

“ಸಂಬಳ ಸರ್ಕಾರದ್ದು, ಗಿಂಬಳ ಊರಿನದು! ಅದೂ ಹಾಡು ಹೇಳಿಕೊಂಡು ತಂದುಕೊಡ್ತಾರೆ!” ಒಂದು ಟೊಮೇಟೊ ಎತ್ತಿ ಮೂಸಿದರು. “ಫಸ್ಟ್ ಕ್ವಾಲಿಟಿ. ಭಲೇ ಗಟ್ಟಿ ಆಸಾಮಿ ಕಣಯ್ಯ ನೀನು! ನಾನು ಎಷ್ಟೋ ಇಲಾಖೆ ಹುಡುಗರನ್ನ ನೋಡಿದೀನಿ, ಸ್ಕೂಲ್ ಮೇಷ್ಟ್ರಿಗೂ ಮೇಲಾದಾಯ ಇರ್ತದೆ ಅಂತ ಇವತ್ತೇ ಗೊತ್ತಾಗಿದ್ದು. ನಮ್ಮ ಮಾಲಾಗೆ ಈಗಲೇ ಫೋನ್ ಮಾಡ್ತೀನಿ.”

ಸುಮ್ಮನಿದ್ದರೆ ಸಾಕಿತ್ತು. ಮೋಹನ್‌ಬಾಬುವಿಗೂ ಅದು ಹೊಳೆಯಿತು. ನಾಲಿಗೆಯನ್ನು ಹಲ್ಲಿನಿಂದ ಕಚ್ಚಿಯೂ ನೋಡಿದ. ಆದರೆ ಮಕ್ಕಳು ಮುಖ ನೋಡುತ್ತಿದ್ದರು, ಮತ್ತು ನಿನ್ನೆಯ ಪಾಠ ಅರ್ಧಕ್ಕೇ ನಿಂತಿತ್ತು.

“ಸಾರ್, ಮೇಷ್ಟ್ರು ಹಿಂಗೆ ಮನೆಮನೆ ಮುಂದೆ ನಿಲ್ಲಬಾರದು ಅಂತಲೇ ಸರ್ಕಾರ ಸಂಬಳ ಕೊಡೋದು. ಕೊಟ್ಟ ಮನೆ ಮಕ್ಕಳಿಗೆ ಒಂದು ಪಾಠ, ಕೊಡದ ಮನೆಯೋರಿಗೆ ಇನ್ನೊಂದು ಅಂತ ಆಗಬಾರದಲ್ಲ. ಇದರಲ್ಲಿ ಒಂದು ಹಿಡಿ ಹಿಟ್ಟೂ ನನ್ನದಲ್ಲ. ಎಲ್ಲಾ ವಾಪಸ್ ಹೋಗುತ್ತೆ.” ಮಕ್ಕಳ ಕಡೆ ತಿರುಗಿ, ಒಂದು ದಿನ ತಡವಾಗಿ, ಹೇಳಿದ: “ಆಟ ಮುಗೀತು ಕಣ್ರೋ. ನಾನು ಐಗಳಲ್ಲ.”

“ಉಪವಾಸ ಇಲ್ವಾ ಸಾರ್?” ಎಂದ ಸಿದ್ಧಾರ್ಥ್, ತುಸು ನಿರಾಶೆಯಿಂದ.

“ಇಲ್ಲಪ್ಪ. ಬೆಳಗ್ಗೆ ಮೂರು ಇಡ್ಲಿ ತಿಂದಿದೀನಿ.”

ಆವಲಪ್ಪ ಫೋನನ್ನು ಜೇಬಿಗೆ ಇಳಿಸಿದರು. ಬಂದದ್ದನ್ನು ವಾಪಸ್ ಕೊಡುವ ಗಂಡನ್ನು ಅವರು ಈವರೆಗೆ ನೋಡಿರಲಿಲ್ಲ.

ವಾಪಸ್ ಕೊಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಕಟ್ಟು ಬಿಚ್ಚಿದೊಡನೆ ಹುಂಜ ತಾನೇ ಮನೆಗೆ ಹೋಯಿತು. ಸ್ವೆಟರು ಯಾರದ್ದೆಂದು ಒಪ್ಪಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಡ್ರಮ್ಮಿನ ಹಿಟ್ಟಂತೂ ಬೆರೆತುಹೋಗಿತ್ತು. ಪಾತ್ರೆ ಹಿಡಿದು ಬಂದ ಹೆಂಗಸರಲ್ಲಿ ಪ್ರತಿಯೊಬ್ಬರೂ ತಮ್ಮದೇ ಒಳ್ಳೇ ಹಿಟ್ಟು, ಬೆರೆತದ್ದರಲ್ಲಿ ಪಕ್ಕದ ಮನೆಯ ಕಲ್ಲಿದೆ ಎಂದು ಜಗಳ ತೆಗೆದರು. ಕೊನೆಗೆ ಮುನಿಶಾಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದರು.

“ಯಾರದ್ದೂ ಬೇಡ. ಒಲೆ ಮೇಲೆ ಎಸರಿಡ್ತೀನಿ. ಎಲ್ಲಾರೂ ಇಲ್ಲೇ ಉಂಡ್ಕೊಂಡು ಹೋಗಿ.”

ಟೊಮೇಟೊ ಗೊಜ್ಜಿನ ವಾಸನೆ ಏಳುತ್ತಿದ್ದಂತೆ, ಬಸ್ಸಿಗೆ ಕಾಯುತ್ತಿದ್ದ ಆವಲಪ್ಪ ಗೇಟಿನಿಂದ ಜಗಲಿಗೆ, ಜಗಲಿಯಿಂದ ಒಲೆಗೆ ಬಂದರು. “ಅಮ್ಮಾ, ಹಣ್ಣನ್ನ ಹಂಗೆ ಕುಯ್ಯಬೇಡ, ರಸ ಹೋಗ್ತದೆ,” ಎಂದು ಶುರು ಮಾಡಿದವರು, ಗೊಜ್ಜು ಇಳಿಸುವ ಹೊತ್ತಿಗೆ ಸೌಟು ತಮ್ಮ ಕೈಯಲ್ಲೇ ಹಿಡಿದಿದ್ದರು. ರುಚಿ ನೋಡಲು ಸ್ವಲ್ಪ ಮುದ್ದೆ ಬೇಕೆಂದರು. ಆಮೇಲೆ ಭಾನುಪ್ರಿಯಾ ಮತ್ತು ಸಿದ್ಧಾರ್ಥನ ನಡುವೆ ನೆಲದ ಮೇಲೆ ಕುಳಿತು, ಇನ್ನೂ ಒಂದು ಮುದ್ದೆ ಹಾಕಿಸಿಕೊಂಡು, ತಟ್ಟೆ ಬೆರಳಲ್ಲಿ ಬಳಿದರು.

ಕೈ ತೊಳೆದ ಮೇಲೆ ವ್ಯವಹಾರ ನೆನಪಾಯಿತು. ಫೋನು ಒತ್ತಿದರು. ಮಂಡಿಯ ಗದ್ದಲದಲ್ಲಿ ಮಾತಾಡಿ ರೂಢಿಯಾಗಿ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತಿತ್ತು.

“ಮಾಲಾ, ಈ ಹುಡುಗ ಬೇಡಮ್ಮ. ಸಂಬಳ ಬರ್ತದೆ, ಆದರೆ ಬುದ್ಧಿ ನೆಟ್ಟಗಿಲ್ಲ. ಗಾಡಿ ತುಂಬ ಮನೆಬಾಗಿಲಿಗೆ ಬಂದದ್ದನ್ನ ಊರಿಗೇ ಉಣ್ಣಿಸಿಬಿಟ್ಟ.”

ಪಾತ್ರೆ ಉಜ್ಜುತ್ತಿದ್ದ ಮುನಿಶಾಮಮ್ಮ ಕೈ ನಿಲ್ಲಿಸಿದರು. “ಅದೆಂಗಣ್ಣೋ ಬೇಡ ಅಂತೀಯ? ಹೆಣ್ಣಿನ ಕಡೆಯೋರು ಸಂಬಂಧ ಕುದುರೋಗಂಟ ಗಂಡಿನ ಕಡೆ ಅನ್ನ ಮುಟ್ಟಲ್ಲ. ಕಾಫಿ ನೀರು ಅಷ್ಟೆ. ನೀನು ಮುದ್ದೆ ಉಂಡೆ. ಉಂಡ ಮೇಲೆ ಒಪ್ಪಿದಂಗೇ.”

ಆವಲಪ್ಪನವರ ಕೈ ಹೊಟ್ಟೆಯ ಮೇಲೆ ಹೋಯಿತು. ಇಷ್ಟು ವರ್ಷ ಊರೂರು ಸುತ್ತಿ ಗಂಡು ನೋಡಿದವರು, ಎಲ್ಲೂ ಒಂದು ತುತ್ತು ಬಾಯಿಗಿಟ್ಟವರಲ್ಲ.

“ಅ... ಅದು ಸರ್ಕಾರದ ಬಿಸಿಯೂಟ! ಗಂಡಿನ ಮನೇದಲ್ಲ!”

“ಸರ್ಕಾರದ್ದಲ್ಲ!” ಎಂದು ಭಾನುಪ್ರಿಯಾ ಕೂಗಿದಳು. “ಸಾರ್ ಹೆಸರಲ್ಲಿ ನಾವು ಎತ್ತಿದ ಹಿಟ್ಟು! ಸಾರ್‌ದೇ ಮುದ್ದೆ!”

“ಮೇಷ್ಟ್ರೇ, ನೀವೇ ಹೇಳಿಬಿಡಿ,” ಎಂದರು ಆವಲಪ್ಪ ಬೆವರೊರೆಸುತ್ತಾ. “ಈ ಹಿಟ್ಟು ನಿಮ್ಮದಾ, ಸರ್ಕಾರದ್ದಾ?”

ಫೋನು ಇನ್ನೂ ಸ್ಪೀಕರಿನಲ್ಲೇ ಇತ್ತು, ಆ ಕಡೆ ಮಾಲಾ ಕೇಳುತ್ತಿದ್ದಳು. ನನ್ನದು ಎಂಬ ಒಂದು ಮಾತು ಸಾಕಿತ್ತು. ಮಕ್ಕಳು ಬಾಯಲ್ಲೇ ಅದನ್ನು ಆಡಿ ತೋರಿಸುತ್ತಿದ್ದರು. ಮೋಹನ್‌ಬಾಬು ಫೋಟೊದಲ್ಲಿದ್ದ ಆ ತೆರೆದ ಬಾಯನ್ನು ನೆನೆದು ಕಣ್ಣು ಮುಚ್ಚಿಕೊಂಡ.

“ನನ್ನದಲ್ಲ,” ಎಂದ. ಅಯ್ಯೋ ಎಂದಿತು ಶಾಲೆ. ಖಚಿತತೆಗಾಗಿ ಅವನು ಸೇರಿಸಿದ: “ಸರ್ಕಾರದ್ದೂ ಅಲ್ಲ. ಊರಿನದು.”

“ಹಂಗಂದ್ರೆ ಇನ್ನೂ ಕೆಟ್ಟೆಯಲ್ಲಣ್ಣೋ,” ಎಂದರು ಮುನಿಶಾಮಮ್ಮ. “ಮೇಷ್ಟ್ರಿಗೆ ಇಲ್ಲಿ ನಾವೇ ಗಂಡಿನ ಕಡೆಯೋರು. ಒಂದು ಮನೇಲಿ ಉಣ್ಣಲಿಲ್ಲ ನೀನು, ಅಷ್ಟೂ ಮನೇಲಿ ಉಂಡೆ.”

ಫೋನಿನಿಂದ ಮೊದಲು ನಗು ಬಂತು, ಆಮೇಲೆ ಮಾತು. “ಮಾವ, ಒಂದೇ ಒಂದು ಸುಳ್ಳು ಹೇಳಿದ್ರೆ ಅವರ ಕೆಲಸ ಆಗ್ತಿತ್ತಲ್ಲ? ಅಷ್ಟೂ ಬರಲ್ವಾ ಅವರಿಗೆ?”

“ಬರಲ್ಲಮ್ಮ! ಅದೇ ನೋಡು ತಾಪತ್ರಯ!”

“ಸರಿ. ಭಾನುವಾರ ನಮ್ಮನೆಗೆ ಬರೋಕೆ ಹೇಳು. ನಾನೇ ಮಾತಾಡ್ತೀನಿ.”

“ಮತ್ತೆ ಗೌರಿಬಿದನೂರಿನ ಹುಡುಗ?”

“ನೀನು ಗೌರಿಬಿದನೂರಲ್ಲಿ ಇಳಿಯಲೇಬೇಡ ಮಾವ,” ಎಂದಳು ಮಾಲಾ. “ಅಲ್ಲೇನಾದ್ರೂ ಬಜ್ಜಿ ವಾಸನೆ ಬಂದ್ರೆ ನನ್ನ ಗತಿ?”