ಯಾರ ಕಂಬಕ್ಕೆ ಯಾರು

"ನಿಮ್ಮ ಭಾಷಣದಲ್ಲಿ 'ಬಹುಧ್ರುವ ಜಗತ್ತು' ಅಂತ ಒಂದು ಸಲ ಬಂದ್ರೆ ಸಾಕು ದೊಡ್ಡಪ್ಪ," ಎಂದ ಪೆನಿ. ದ್ವೀಪದ ರಾಜಧಾನಿ ಆಪಿಯಾದಲ್ಲಿ ದೊಡ್ಡ ಸರ್ಕಾರಿ ಹುದ್ದೆ ಅವನದು.

"ಹಂಗಂದ್ರೇನೋ?" ಸೆಯುಲಿ ಕೇಳಿದ.

"ಮೊದಲು ಲೋಕಕ್ಕೆ ಒಬ್ಬನೇ ಯಜಮಾನ. ಈಗ ನಾಲ್ಕೈದು ಜನ. ನಮ್ಮಂಥ ಸಣ್ಣೋರು ಬೇಕಾದೋರನ್ನ ಆರಿಸ್ಕೋಬಹುದು."

"ಒಬ್ಬ ಅತ್ತೆ ಇದ್ದ ಮನೇಲಿ ನಾಲ್ಕು ಅತ್ತೆ ಆದ್ರೆ ಸೊಸೆಗೆ ಸುಖವೇನೋ?"

ಪೆನಿ ನಕ್ಕ. ಸೆಯುಲಿ ನಗಲಿಲ್ಲ. ಅತಿಥಿಗಳ ಮುಂದೆ ಊರಿನ ಪರವಾಗಿ ಮಾತಾಡುವ ಹಕ್ಕು ಅವನೊಬ್ಬನದೇ. ಆದರೆ ಹೊಸ ಬಂದರಿಗೆ ಹೋಗುವ ರಸ್ತೆಯ ಗುರುತು ಅವನ ಮನೆಯಂಗಳದಲ್ಲಿ, ಹೆಂಡತಿ ಲಾಂಗಿಯ ಗೋರಿಯ ಮೇಲೇ ಹಾದಿತ್ತು.

"ಆ ಮಾತು ಹೇಳ್ತೀನಿ. ಗೋರಿ ಉಳಿಸ್ತೀಯಾ?"

"ದೊಡ್ಡಮ್ಮನ ಗೋರಿ ಯಾರು ಮುಟ್ತಾರೆ? ನಾನಿದೀನಲ್ಲ!"

ಲಾಂಗಿಯ ಕೈತುತ್ತು ತಿಂದು ಬೆಳೆದವನು. ಸೆಯುಲಿ ನಂಬಿದ.

ಊರ ಸಭೆಮನೆಗೆ ಗೋಡೆಗಳಿಲ್ಲ, ಸುತ್ತ ಕಂಬಗಳು. ಒಂದೊಂದು ಕಂಬ ಒಂದೊಂದು ಮನೆತನದ ಹಿರಿಯನದು. ಕಂಬವಿಲ್ಲದವರು ಹಿಂದೆ ಕೂತು ಬಡಿಸಬೇಕು. ಬಂದರು ಕಟ್ಟುವ ದೇಶದವರೂ ರಸ್ತೆ ಹಾಕುವ ದೇಶದವರೂ ಒಟ್ಟಿಗೇ ಬಂದಿಳಿದರು. ಇವರಿಗೆ ಸಿಕ್ಕಷ್ಟು ಕಂಬ ಅವರಿಗೂ ಬೇಕು.

"ಇವತ್ತೊಂದಿನ ಹಿಂದೆ ಕೂತ್ಕೊಳ್ಳಿ ದೊಡ್ಡಪ್ಪ," ಪೆನಿ ಕಿವಿಯಲ್ಲಿ ಉಸುರಿದ.

ಅಪ್ಪ, ಅಜ್ಜ ಒರಗಿದ್ದ ಕಂಬಕ್ಕೆ ಟೈ ಕಟ್ಟಿದವನೊಬ್ಬ ಬೆನ್ನು ಕೊಟ್ಟು ಗಾಳಿ ಬೀಸಿಕೊಳ್ಳುತ್ತಿದ್ದ. ಸೆಯುಲಿಯ ಮೈಯೆಲ್ಲ ಉರಿಯಿತು. ಗೋರಿಗಾಗಿ ನುಂಗಿಕೊಂಡು ಹಿಂದೆ ಹೋಗಿ ಕೂತ. ಮಾತಿಗೆ ಬಾಯಿ ತೆರೆದಾಗ ಮಾತ್ರ ತಡೆಯಲಾಗಲಿಲ್ಲ.

"ಅತಿಥಿಗಳೇ, ಬಹುಧ್ರುವ ಜಗತ್ತು ಅಂದ್ರೇನು ಅಂತ ಈಗ ಗೊತ್ತಾಯ್ತು. ಒರಗೋರು ಜಾಸ್ತಿ ಆಗಿದ್ದಾರೆ, ಮನೆಯೋರು ಬಡಿಸೋ ಜಾಗಕ್ಕೆ ಬಂದಿದ್ದೀವಿ. ಕಂಬ ಇಟ್ಕೊಳ್ಳಿ. ನನ್ನ ಹೆಂಡತಿ ಮಲಗಿರೋ ಮಣ್ಣು ಬಿಟ್ಟುಬಿಡಿ."

ಪೆನಿ ಇಂಗ್ಲಿಷಿಗೆ ತಿರುಗಿಸಿದ: "ಈ ಬಹುಧ್ರುವ ಜಗತ್ತಿನಲ್ಲಿ ನಮ್ಮೂರು ಇಬ್ಬರನ್ನೂ ತುಂಬುಹೃದಯದಿಂದ ಸ್ವಾಗತಿಸುತ್ತದೆ."

ಅಷ್ಟು ಇಂಗ್ಲಿಷ್ ಸೆಯುಲಿಗೂ ಬರುತ್ತಿತ್ತು. ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. ಟೈ ಕಟ್ಟಿದವನಂತೂ ಎದ್ದು ಬಂದು ಅವನ ಕೈ ಕುಲುಕಿದ.

ಮರುವಾರ ಪೆನಿ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ. "ರಸ್ತೆ ತಿರುಗಿಸೋಕೆ ಆಗಲ್ವಂತೆ ದೊಡ್ಡಪ್ಪ. ಆದ್ರೆ ಯಾವ ದೇಶದ ಯಂತ್ರ ಅಗೀಬೇಕು ಅನ್ನೋದನ್ನ ನಿಮಗೇ ಬಿಟ್ಟಿದ್ದಾರೆ."

ಸೆಯುಲಿ ಹಿತ್ತಲಿಗೆ ಹೋಗಿ ಗುದ್ದಲಿ ತಂದು, ಲಾಂಗಿಯ ಗೋರಿಯನ್ನು ಕಾಲಿನ ಕಡೆಯಿಂದ ತಾನೇ ಅಗೆಯತೊಡಗಿದ.