ಸಾತಾರಣ್ಣನ ಕಾರು, ಬುರುಲಳ ಕುದುರೆಗಳು

ನಿಮ್ಮೂರಲ್ಲೂ ಹೀಗೇ ಇರಬಹುದು. ಬೀದಿಗೊಂದು ಕಾರು ಇರುತ್ತದೆ, ಅದು ಬೀದಿಯವರಿಗೆಲ್ಲ ಬೇಕಾಗಿರುತ್ತದೆ. ಕೊಚ್ಕೋರ್ ಕಣಿವೆಯ ನಮ್ಮ ಬೀದಿಯಲ್ಲಿ ಅಂಥ ಕಾರು ಇದ್ದದ್ದು ಎದುರು ಮನೆಯ ಸಾತಾರಣ್ಣನದು. ಹೆರಿಗೆಗೆ ಅದೇ, ಸಾವಿಗೆ ಅದೇ, ಸಂತೆಗೆ ಕುರಿ ಸಾಗಿಸುವುದಕ್ಕೂ ಅದೇ. ನಮ್ಮಲ್ಲಿ ಕಾರು ಕೇಳಿದವರಿಗೆ ಇಲ್ಲ ಅನ್ನುವುದೆಂದರೆ ಬಾಗಿಲಿಗೆ ಬಂದವರಿಗೆ ರೊಟ್ಟಿ ಇಲ್ಲ ಅಂದ ಹಾಗೆ. ಸಾತಾರಣ್ಣನಂತೂ ಯಾರಿಗೂ ಇಲ್ಲ ಅಂದವನೇ ಅಲ್ಲ.

ಅವನ ಅಕ್ಕನ ಮಗಳು ಅನಾರ್‌ಕುಲ್ ಪೇಟೆಯಲ್ಲಿ ಇನ್ಶೂರೆನ್ಸ್ ಮಾಡಿಸುವ ಕೆಲಸದಲ್ಲಿದ್ದಾಳೆ. ವಸಂತದಲ್ಲಿ ಒಮ್ಮೆ ಬಂದಿದ್ದಳು. ನಾನೂ ಚಹಾಕ್ಕೆ ಹೋಗಿದ್ದೆ.

"ಮಾವ, ಈ ಸಲ ಇನ್ಶೂರೆನ್ಸ್‌ನಲ್ಲಿ ಯಾರ್ಯಾರ ಹೆಸರು ಹಾಕ್ಸೋಣ?"

"ಯಾರದ್ದು ಅಂದ್ರೇನೇ? ಕಾರು ನಂದು, ಹೆಸರೂ ನಂದೇ."

"ಕಾರು ನಿಮ್ದೇ, ಯಾರೂ ಕಿತ್ಕೊಳ್ಳಲ್ಲ. ಓಡ್ಸೋರು ಯಾರು ಅಂತ ಕೇಳ್ತಿದೀನಿ. ಇದ್ರಲ್ಲಿ ಎರಡು ಥರ ಇದೆ ಮಾವ. ಒಂದ್ರಲ್ಲಿ, ಹೆಸರು ಹಾಕ್ಸಿರೋರು ಓಡಿಸಿದ್ರೆ ಮಾತ್ರ ರಕ್ಷಣೆ. ಇನ್ನೊಂದ್ರಲ್ಲಿ ಲೈಸೆನ್ಸ್ ಇರೋರು ಯಾರು ಓಡಿಸಿದ್ರೂ ನಡೆಯುತ್ತೆ. ಅದಕ್ಕೆ ದುಡ್ಡು ಸ್ವಲ್ಪ ಜಾಸ್ತಿ."

"ಅಯ್ಯೋ ಹುಚ್ಚಮ್ಮಾ, ಇನ್ಶೂರೆನ್ಸ್ ಇರೋದು ಕಾರಿಗೆ. ಸ್ಟಿಯರಿಂಗ್ ಯಾರು ತಿರುಗಿಸಿದ್ರೇನು?"

"ಹಾಗಲ್ಲ ಮಾವ. ನಿಮ್ಮ ಕಾರು ಯಾರಿಗಾದ್ರೂ ಗುದ್ದಿ ಪೆಟ್ಟಾದ್ರೆ, ಅವರ ಆಸ್ಪತ್ರೆ ಖರ್ಚು ಕಂಪನಿ ಕೊಡುತ್ತೆ. ಆದ್ರೆ ಹೆಸರಿಲ್ಲದೋರು ಓಡಿಸಿದ್ರೆ, ಕೊಟ್ಟಿದ್ದನ್ನ ಆಮೇಲೆ ಓಡಿಸಿದೋರ ಹತ್ರಾನೇ ಕೇಳುತ್ತೆ. ಎದುರು ಸಾಲಿನ ಬುರುಲಕ್ಕನ ಹೆಸರಾದ್ರೂ ಸೇರ್ಸಿ. ನಿಮಗಿಂತ ಜಾಸ್ತಿ ಅವರೇ ಓಡಿಸ್ತಾರೆ."

"ನಾನು ಪಕ್ಕದಲ್ಲೇ ಕೂತಿರ್ತೀನಲ್ಲ! ಮಾಲೀಕನೇ ಒಳಗಿದ್ರೆ ಯಾವನು ಕೇಳ್ತಾನೆ?"

ಅವನ ಹೆಂಡತಿ ಕಲ್ಬುಬು ಸುಮ್ಮನಿರಲಿಲ್ಲ. "ಹಾಕ್ಸಿ ಅಂದ್ರೆ ಹಾಕ್ಸಬಾರ್ದಾ? ನಿಮ್ಮ ಗಂಟೇನು ಹೋಗುತ್ತೆ?"

"ಇವತ್ತು ಬುರುಲ್, ನಾಳೆ ಅವಳತ್ತೆ, ನಾಡಿದ್ದು ಇಡೀ ಬೀದಿ. ಅದೇನು ಮದುವೆ ಕರೆಯೋಲೆನಾ? ನೀನು ಚಹಾ ಹಾಕು."

ಎಲ್ಲರೂ ನಕ್ಕೆವು. ಮಾತು ಅಲ್ಲಿಗೇ ನಿಂತಿತು.

ಬುರುಲ್ ನನ್ನ ಪಕ್ಕದ ಮನೆಯವಳು. ಗಂಡ ರಷ್ಯಾದಲ್ಲಿ ಗಾರೆ ಕೆಲಸಕ್ಕೆ ಹೋದವನು, ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೆ. ಹಿಂದೆ ಶಾಲೆಯ ವ್ಯಾನು ಓಡಿಸುತ್ತಿದ್ದಳಾದ್ದರಿಂದ ಕೈ ಪಳಗಿತ್ತು, ಲೈಸೆನ್ಸೂ ಇತ್ತು. ಹಾಲು ಕೊಡುವ ಎರಡು ಹೆಣ್ಣು ಕುದುರೆಗಳಿದ್ದವು. ಬೇಸಿಗೆಯಲ್ಲಿ ಅವುಗಳ ಹಾಲನ್ನು ಹುಳಿ ಬರಿಸಿ, ಕುಮಿಸ್ ಮಾಡಿ, ದಾರಿ ಬದಿಯಲ್ಲಿ ಮಾರುತ್ತಿದ್ದಳು. ಮಗಳ ಓದು, ಅತ್ತೆಯ ಔಷಧಿ, ಚಳಿಗಾಲದ ಕಲ್ಲಿದ್ದಲು, ಎಲ್ಲ ಆ ಎರಡು ಕುದುರೆಗಳ ಮೇಲೇ ನಡೆಯುತ್ತಿತ್ತು. ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಸೆಪ್ಟೆಂಬರಿನಲ್ಲಿ ಕಣಿವೆಯಾಚೆ ಸಾತಾರಣ್ಣನ ನೆಂಟರ ಮನೆಯಲ್ಲಿ ತೊಟ್ಟಿಲು ಹಾಕುವ ಊಟ. ಸಾತಾರಣ್ಣ, ಕಲ್ಬುಬು, ಬುರುಲ್, ನಾನು, ನಾಲ್ವರೂ ಹೋದೆವು. ನಮ್ಮ ಔತಣ ಹೇಗೆಂದರೆ, ಒಬ್ಬೊಬ್ಬರೂ ಎದ್ದು ನಿಂತು ಮಗುವನ್ನು ಹರಸಬೇಕು, ಪ್ರತಿ ಹಾರೈಕೆಗೂ ಗಂಡಸರು ಒಂದೊಂದು ಬಟ್ಟಲು ಏರಿಸಬೇಕು. ಹರಸುವವರು ಬಹಳ ಜನ ಇದ್ದರು. ಎದ್ದು ಹೊರಡುವಾಗ ಸಾತಾರಣ್ಣನ ಕಾಲು ನೆಟ್ಟಗಿರಲಿಲ್ಲ. ಪುಣ್ಯಕ್ಕೆ ಅಷ್ಟು ಬುದ್ಧಿ ಉಳಿದಿತ್ತು, ಕೀ ತೆಗೆದು ಬುರುಲಳ ಕೈಗಿಟ್ಟ.

"ಅಣ್ಣಾ, ನಾನು ಓಡಿಸಿದ್ರೆ ಏನೂ ತೊಂದ್ರೆ ಇಲ್ಲ ತಾನೆ? ಆವತ್ತು ಅನಾರ್‌ಕುಲ್ ಏನೋ ಹೇಳ್ತಿದ್ಳಂತೆ."

"ನಾನಿಲ್ವೇನಮ್ಮ? ಹತ್ತು, ಹತ್ತು."

ಕುಡಿದವನು ಓಡಿಸದೆ ಕುಡಿಯದವಳಿಗೆ ಕೊಟ್ಟದ್ದು ಸರಿಯಾದದ್ದೇ. ಅದನ್ನು ನಾನು ಇವತ್ತಿಗೂ ತಪ್ಪೆನ್ನುವುದಿಲ್ಲ.

ಸಂಜೆಯಾಗುತ್ತಿತ್ತು. ಹಿಮ ಬೆರೆತ ಮಳೆ ಹನಿಯುತ್ತಿತ್ತು. ಬುರುಲ್ ನಿಧಾನವಾಗಿಯೇ ಓಡಿಸುತ್ತಿದ್ದಳು. ಬೆಟ್ಟದ ಹುಲ್ಲುಗಾವಲಿನಿಂದ ಮಂದೆಗಳು ಕೆಳಗಿಳಿಯುವ ಕಾಲ ಅದು. ತಿರುವು ದಾಟಿದರೆ ರಸ್ತೆ ತುಂಬ ಕುರಿ! ಬ್ರೇಕ್ ಒತ್ತಿದಳು. ಕಾರು ನಿಲ್ಲಲಿಲ್ಲ, ಅಡ್ಡಡ್ಡ ಜಾರಿ, ಮಂದೆಯ ಹಿಂದೆ ಕುದುರೆ ಮೇಲಿದ್ದ ದೊಲೊತ್‌ಗೆ ಹೋಗಿ ಬಡಿಯಿತು. ದೊಲೊತ್ ಬೇರೆ ಯಾರೂ ಅಲ್ಲ, ನಮ್ಮೂರ ಕುರಿಗಳನ್ನೇ ಮೇಯಿಸುವ ಮುದುಕ. ಕುದುರೆ ಅಲ್ಲೇ ಸತ್ತಿತು. ಅವನ ಸೊಂಟದ ಮೂಳೆ ಮುರಿದಿತ್ತು.

ಪೊಲೀಸರು ಬರುವಷ್ಟರಲ್ಲಿ ಸಾತಾರಣ್ಣನ ಅಮಲೆಲ್ಲ ಇಳಿದುಹೋಗಿತ್ತು. ಅನಾರ್‌ಕುಲ್‌ಗೆ ಫೋನ್ ಮಾಡಿದ. "ನಾನೇ ಓಡಿಸ್ತಿದ್ದೆ ಅಂದ್ಬಿಡ್ಲಾ? ನನ್ನ ಹೆಸರಿದೆಯಲ್ಲ?"

"ಮಾವ, ದಮ್ಮಯ್ಯ, ಸುಳ್ಳು ಹೇಳ್ಬೇಡಿ. ಕುಡಿದು ಓಡಿಸ್ದೆ ಅಂದ್ರೆ ಇನ್ನೂ ಕೆಟ್ಟದ್ದು. ಇದ್ದದ್ದು ಇದ್ದಂಗೆ ಹೇಳಿ."

ಬುರುಲ್ ಅವನ ಮಾತಿಗೆ ಕಾಯಲೇ ಇಲ್ಲ. "ಓಡಿಸ್ತಿದ್ದೋಳು ನಾನು," ಅಂತ ಪೊಲೀಸಿನವನ ಮುಂದೆ ಹೋಗಿ ನಿಂತಳು.

ಕಂಪನಿ ದೊಲೊತ್‌ನ ಆಸ್ಪತ್ರೆ ಖರ್ಚು ಕೊಟ್ಟಿತು, ಕುದುರೆಯ ಬೆಲೆಯನ್ನೂ ಕೊಟ್ಟಿತು. ಗಂಡಾಂತರ ಕಳೆಯಿತು ಅಂದುಕೊಂಡೆವು. "ನೋಡಿದ್ಯಾ, ಕಾರಿಗೆ ಇದ್ರೆ ಆಯ್ತು ಅಂತ ನಾನು ಹೇಳ್ಲಿಲ್ವಾ?" ಅಂತ ಸಾತಾರಣ್ಣ ಹೆಂಡತಿಗೆ ಹೇಳಿಯೂಬಿಟ್ಟ.

ಆಮೇಲೆ ಒಂದು ದಿನ ಕಂಪನಿಯವನೊಬ್ಬ ಬಂದ. ಅವನು ಸಾತಾರಣ್ಣನ ಮನೆಗೆ ಹೋಗಲಿಲ್ಲ, ನೇರ ಬುರುಲಳ ಮನೆಗೆ ಬಂದ.

"ಅಕ್ಕಾ, ಆ ಕಾರಿನ ಪಾಲಿಸೀಲಿ ನಿಮ್ಮ ಹೆಸರಿಲ್ಲ. ನಾವು ಕೊಟ್ಟಿರೋದನ್ನ ನೀವು ತಿರುಗಿ ಕಟ್ಬೇಕಾಗುತ್ತೆ."

"ನಾನೇನು ಕದ್ದು ಓಡಿಸಿದ್ನಾ? ಮಾಲೀಕರೇ ಕೀ ಕೊಟ್ರು. ಪಕ್ಕದಲ್ಲೇ ಕೂತಿದ್ರು."

"ಕೂತಿರ್ಬಹುದು ಅಕ್ಕಾ. ಕಾರು ಅವರದ್ದು, ಕೊಡ್ತಾರೆ. ಇನ್ಶೂರೆನ್ಸ್ ನಿಮಗೂ ಬರ್ಬೇಕು ಅಂದ್ರೆ ಹೆಸರು ಮೊದಲೇ ಸೇರ್ಸಿರ್ಬೇಕಿತ್ತು."

ಅವನ ಮಾತಲ್ಲಿ ಒರಟುತನ ಇರಲಿಲ್ಲ. ಬೈಯೋಣವೆಂದರೆ ಬೈಯುವುದಕ್ಕೂ ಆಗಲಿಲ್ಲ.

ಸಾತಾರಣ್ಣ ಕೈಕಟ್ಟಿ ಕೂರಲಿಲ್ಲ ಅನ್ನಿ. ಆ ಪಾಲಿಸಿಯಲ್ಲಿ ಅವನ ಸ್ವಂತ ಕಾರಿನ ರಿಪೇರಿಗೆ ಏನೂ ಸಿಗುತ್ತಿರಲಿಲ್ಲ. ನುಜ್ಜುಗುಜ್ಜಾದ ಕಾರನ್ನು ಗುಜರಿಗೆ ಹಾಕಿ, ಕುರಿಗಳನ್ನೂ ಮಾರಿ, ಬಂದದ್ದನ್ನೆಲ್ಲ ಬುರುಲಳ ಕೈಗಿಟ್ಟ. ಸಾಲಲಿಲ್ಲ. ಕುದುರೆಗಳು ಹೋಗಲೇಬೇಕಾಯಿತು.

ಕೊಳ್ಳುವವನು ಬಂದ ದಿನ ಬುರುಲ್ ಮನೆಯಿಂದ ಹೊರಗೆ ಬರಲಿಲ್ಲ. ನಾನೇ ಹಗ್ಗ ಬಿಚ್ಚಿಕೊಟ್ಟೆ. ಸಾತಾರಣ್ಣ ಬೀದಿಯಲ್ಲಿ ಟೋಪಿ ತೆಗೆದು ನಿಂತಿದ್ದ, ಸಾವಿಗೆ ಬಂದವರ ಹಾಗೆ. ನನಗೆ ತಡೆಯಲಾಗಲಿಲ್ಲ. "ಒಂದು ಹೆಸರು ಸೇರಿಸೋಕೆ ನಿಂಗೇನು ರೋಗ ಬಂದಿತ್ತು?" ಅಂದುಬಿಟ್ಟೆ. ಅವನು ತಲೆ ಎತ್ತಲಿಲ್ಲ. "ಅನ್ನು ಅಕ್ಕಾ, ಎಷ್ಟು ಬೇಕಾದ್ರೂ ಅನ್ನು," ಅಂದ. ಅಂದದ್ದಕ್ಕೆ ನನಗೇ ಆಮೇಲೆ ಸಂಕಟವಾಯಿತು.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಹೋಗಲಿ ಅನ್ನಬಹುದಿತ್ತು. ಚಳಿಗಾಲದಲ್ಲಿ ಬೀದಿ ಕೊನೆಯ ಮನೆಯ ಕಾಲ್ಮುರಾತ್ ಹೊಸದಾಗಿ ಕಾರು ತಂದಿದ್ದ. ಅವನಿಗೆ ಕೈಮೂಳೆ ಮುರಿದು ಬ್ಯಾಂಡೇಜು ಹಾಕಿದ್ದ ಹೊತ್ತಿಗೇ ಸೊಸೆಗೆ ಹೆರಿಗೆ ನೋವು ಶುರುವಾಯಿತು. ಮಗ ಊರಲ್ಲಿರಲಿಲ್ಲ. ಕೀ ಹಿಡಿದುಕೊಂಡು ಬುರುಲಳ ಬಾಗಿಲಿಗೆ ಓಡಿಬಂದ. ನಾನೂ ಸಾತಾರಣ್ಣನೂ ಅಲ್ಲೇ ಬೀದಿಯಲ್ಲಿ ಹಿಮ ಗುಡಿಸುತ್ತಿದ್ದೆವು. ಆ ಅಪಘಾತದ ಮೇಲೆ ಸಾತಾರಣ್ಣ ಸ್ಟಿಯರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದ.

ಹಿಂದಿನ ಬುರುಲ್ ಆಗಿದ್ದರೆ ಕೋಟೂ ಹಾಕಿಕೊಳ್ಳದೆ ಓಡುತ್ತಿದ್ದಳು. ಈಗ ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಿಮ್ಮ ಪಾಲಿಸೀಲಿ ನನ್ನ ಹೆಸರಿದ್ಯಾ ಅಣ್ಣಾ?"

"ಈಗ ಅದನ್ನ ಕೇಳೋ ಹೊತ್ತೇನೇ ತಾಯಿ? ಅಲ್ಲಿ ಹುಡುಗಿ ಕಿರುಚ್ತಿದ್ದಾಳೆ!"

ಬುರುಲ್ ಕೀ ಮುಟ್ಟಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದಳು. ಅದು ಪೇಟೆಯಿಂದ ಹಿಮದಲ್ಲಿ ತೆವಳಿಕೊಂಡು ಬರುವವರೆಗೆ ಆ ಹುಡುಗಿಯ ಕೈ ಹಿಡಿದು ಕೂತಿದ್ದಳು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಜೀವಕ್ಕಿಂತ ಕಾಗದ ದೊಡ್ಡದೇ ಎಂದು ಬೀದಿಯಲ್ಲಿ ಕೆಲವರು ಆಡಿಕೊಂಡರು. ಆಡಿಕೊಂಡವರಾರೂ ಕುದುರೆ ಮಾರಿದವರಲ್ಲ.

ಸಂಜೆ ಬುರುಲ್ ನನ್ನ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ಕುದುರೆ ಹೋದ್ರೆ ಹೋಗ್ಲಿ ಅಕ್ಕಾ. ನಾನು ಇಂಥೋಳಾಗಿರ್ಲಿಲ್ಲ."

ಸಾತಾರಣ್ಣ ಬಾಗಿಲಲ್ಲೇ ನಿಂತಿದ್ದ, ಕೇಳಿಸಿಕೊಂಡ. ಒಳಗೆ ಬರಲಿಲ್ಲ. ಮಾರನೆಯ ದಿನ ಪೇಟೆಗೆ ಹೋಗಿ ಅನಾರ್‌ಕುಲ್‌ಳನ್ನು ಕರೆತಂದ. ಅವಳನ್ನು ಮುಂದಿಟ್ಟುಕೊಂಡು ಊರಲ್ಲಿ ಕಾರಿದ್ದವರ ಮನೆಮನೆಗೂ ಹೋದ. ಮೊದಲು ಹೋದದ್ದು ಕಾಲ್ಮುರಾತ್‌ನ ಮನೆಗೆ. "ಬುರುಲಳ ಹೆಸರು ಸೇರ್ಸು. ಎಷ್ಟಾಗುತ್ತೋ ನಾನು ಕೊಡ್ತೀನಿ," ಅಂದ. ಕಾಲ್ಮುರಾತ್ ದುಡ್ಡು ತೆಗೆದುಕೊಳ್ಳಲಿಲ್ಲ. ಹೆಸರು ಸೇರಿಸಿದ. ಬುರುಲ್ ಇನ್ನೂ ಆ ಕಾರಿನಲ್ಲಿ ಕೂತಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ. ಕೆಲವು ಕಡೆ ಇನ್ಶೂರೆನ್ಸ್ ಗಾಡಿಯ ಜೊತೆ ಹೋಗುತ್ತದೆ, ಕೆಲವು ಕಡೆ ಹೆಸರಿನ ಜೊತೆ. ನಿಮ್ಮ ಪಾಲಿಸಿಯಲ್ಲಿ ಹೇಗಿದೆ ಎಂದು ಕೊಟ್ಟವರನ್ನೇ ಕೇಳಿ. ಮಾಲೀಕ ಪಕ್ಕದಲ್ಲಿದ್ದರೆ ಸಾಕು ಎಂದು ನೀವೇ ತೀರ್ಮಾನಿಸಬೇಡಿ. ಕೀ ಕೊಡುವವರೂ ಕೇಳಿ, ಇಸಿದುಕೊಳ್ಳುವವರೂ ಕೇಳಿ, ಸಂಕೋಚ ಬೇಡ. ಇವತ್ತೇ ಕೇಳಿ. ಹೆರಿಗೆ ನೋವು ಬಂದ ಮನೆಯವರು ನಾಳೆ ನಿಮ್ಮ ಬಾಗಿಲಿಗೆ ಓಡಿಬಂದಾಗ, ನೀವು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಂತಾಗಬಾರದು.