ಅಣ್ಣನ ಸಬ್ಜೆಕ್ಟುಗಳು

ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಅಣ್ಣ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಏನು ಓದುತ್ತೀಯೆ ಎಂದು ಅಮ್ಮ ಬಾಯಿಮಾತಿಗೂ ಕೇಳಲಿಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಎಂದು ತಾನೇ ತೀರ್ಮಾನಿಸಿಬಿಟ್ಟಳು. ಅವು ಅಣ್ಣನ ಸಬ್ಜೆಕ್ಟುಗಳು. ಮಹಾಶಯ ಮೊದಲ ವರ್ಷ ಪಾಸು ಮಾಡಿದ, ರಜೆಯಲ್ಲಿ ಕಾಮಾಲೆ ಹಿಡಿಸಿಕೊಂಡ, ಎರಡನೇ ವರ್ಷದ ಪುಸ್ತಕಗಳನ್ನು ತೆರೆದೂ ನೋಡದೆ ಹೊರಟೇಹೋದ.

ನನಗೆ ಬೇಕಾಗಿದ್ದದ್ದು ಭಾಷೆಗಳು. ಅಮ್ಮ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ. ಅಂಗಿಯ ಕಾಲರಿನೊಳಗೆ ಹೊಲಿಯುವ ಲೇಬಲ್‌ಗಳಲ್ಲಿ ಕೆಟ್ಟುಹೋದವನ್ನು ಅವಳು ಮನೆಗೆ ತರುತ್ತಿದ್ದಳು, ಅವೇ ನನ್ನ ಆಟದ ಸಾಮಾನು. ಬಿಸಿನೀರಿನಲ್ಲಿ ಒಗೆಯಬೇಡಿ, ನೆರಳಿನಲ್ಲಿ ಒಣಗಿಸಿ ಎಂಬುದನ್ನು ಹತ್ತಾರು ಭಾಷೆಗಳಲ್ಲಿ ಓದಿಕೊಂಡು ಬೆಳೆದವಳು ನಾನು. ಅಣ್ಣ ನನ್ನನ್ನು ‘ಲೇಬಲ್ಲು’ ಎಂದೇ ಕರೆಯುತ್ತಿದ್ದ. ಮೈ ಉರಿದುಹೋಗುತ್ತಿತ್ತು. ಈಗ ಹಾಗೆ ಕರೆಯುವವರಿಲ್ಲ, ಅದಕ್ಕೂ ಮೈ ಉರಿಯುತ್ತದೆ.

ಅಮ್ಮನಿಗೆ ಹೇಳಿದೆ. ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅವನು ಬಿಟ್ಟದ್ದನ್ನು ನೀನು ಮುಗಿಸು ಎಂದಳು, ಅಷ್ಟೆ. ಅವಳ ಕಾರ್ಖಾನೆಯಲ್ಲಿ ಹಾಗೇ ನಡೆಯುವುದು. ಶಿಫ್ಟು ಮುಗಿದವಳು ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು ಏಳುತ್ತಾಳೆ, ಮುಂದಿನವಳು ಬಂದು ಅಲ್ಲಿಂದಲೇ ಹೊಲಿಯುತ್ತಾಳೆ. ನಾನೇನು ಮುಂದಿನ ಶಿಫ್ಟಿನವಳಾ ಎಂದು ಕೂಗಾಡಿದೆ. ಊಟ ಆರುತ್ತಿದೆ, ಕೂತುಕೋ ಎಂದಳು. ಮಣ್ಣು ಮಾಡಿದ ದಿನವೂ ಅತ್ತವಳಲ್ಲ ಅವಳು, ಅದೇ ವಾರ ಕೆಲಸಕ್ಕೆ ಹೋದವಳು. ಅಕ್ಕಪಕ್ಕದವರು ಕಲ್ಲೆದೆಯವಳು ಎಂದು ಆಡಿಕೊಂಡರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು.

ಸೇರುವ ದಿನ ಅಮ್ಮ ಅಣ್ಣನ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಜೊತೆಗೇ ಬಂದಳು. ಕಾಲೇಜಿನ ಹಾಲ್‌ನಲ್ಲಿ ಉದ್ದಕ್ಕೆ ಸಾಲು. ಮೇಜಿನ ಹಿಂದೆ ರಾಜ್ಯಶಾಸ್ತ್ರದ ಮೇಷ್ಟ್ರು, ಅಣ್ಣನಿಗೆ ಪಾಠ ಮಾಡಿದವರೇ. ಅಮ್ಮ ಬಾಯಿ ತೆರೆಯುವುದಕ್ಕೆ ಮುಂಚೆ ‘ಭಾಷೆಗಳು’ ಎಂದುಬಿಡಬೇಕು, ಆಮೇಲೆ ಮನೆಯಲ್ಲಿ ಏನಾದರೂ ಆಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಆದರೆ ಅಮ್ಮ ಚೀಲವನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟಳು.

“ಇವಳನ್ನ ಎರಡನೇ ವರ್ಷಕ್ಕೆ ಸೇರಿಸ್ಕೊಳ್ಳಿ ಸಾರ್. ಮೊದಲನೇ ವರ್ಷ ನಮ್ಮನೇಲಿ ಪಾಸಾಗಿದೆ.”

ಹಿಂದೆ ಯಾರೋ ಕಿಸಕ್ಕೆಂದರು. ನಗು ಸಾಲಿನುದ್ದಕ್ಕೂ ಹೋಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಮ್ಮನ ಸೆರಗು ಹಿಡಿದು ಎಳೆದೆ. ಅವಳು ಜಗ್ಗಲಿಲ್ಲ. ಅವಳಿಗೆ ಅದು ತಮಾಷೆಯ ಮಾತಾಗಿರಲಿಲ್ಲ, ಒಂದು ವರ್ಷದ ಕೆಲಸ ಮುಗಿದಿದೆ, ಅದನ್ನು ಯಾಕೆ ಬಿಚ್ಚಿ ಮತ್ತೆ ಹೊಲಿಯಬೇಕು ಎಂಬುದೇ ಅವಳ ಲೆಕ್ಕ.

ಮೇಷ್ಟ್ರು ನಗಲಿಲ್ಲ. ಹಾಗೆ ಸೇರಿಸಿಕೊಳ್ಳಲು ಬರುವುದಿಲ್ಲ, ಯಾರೇ ಆದರೂ ಮೊದಲಿನಿಂದಲೇ ಓದಬೇಕು ಎಂದು ಮೆಲ್ಲಗೆ ತಿಳಿಸಿ ಹೇಳಿದರು.

“ಹಾಗಾದ್ರೆ ಅವನು ಓದಿದ್ದು?”

“ಅದು ಅವನದು ತಾಯೀ. ಅವನ ಜೊತೆಗೇ ಹೋಯ್ತು.”

ಅಮ್ಮ ಅವರ ಮುಖವನ್ನೇ ನೋಡಿದಳು. ಆಮೇಲೆ ಅಷ್ಟು ಜನರ ಮುಂದೆ ನೆಲದ ಮೇಲೆ ಕುಸಿದು ಕುಳಿತು, ಮಣ್ಣು ಮಾಡಿದ ದಿನ ಅಳಬೇಕಾಗಿದ್ದನ್ನೆಲ್ಲ ಅತ್ತಳು. ನಾನು ಕಂಬದಂತೆ ನಿಂತಿದ್ದೆ, ಅವಳನ್ನು ಮುಟ್ಟುವುದಕ್ಕೂ ಹೆದರಿಕೆ. ಯಾರೋ ನೀರು ತಂದುಕೊಟ್ಟರು. ಅವಳು ಮುಖ ಒರೆಸಿಕೊಂಡು ಎದ್ದಳು.

ಮೇಷ್ಟ್ರು ನನ್ನ ಕಡೆ ತಿರುಗಿ, ಯಾವುದು ಬರೆದುಕೊಳ್ಳಲಿ ಎಂದರು. ನಾನು ಅಮ್ಮನನ್ನು ನೋಡಿದೆ. ಅಣ್ಣನದ್ದೇ ಆಗಬೇಕು ಎಂದು ಒಂದು ಸಲ ಗದರಲಿ ಎಂದು ಕಾದೆ. ಗದರಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ, ದೇವರಾಣೆಗೂ.

“ಯಾವುದಾದ್ರೇನು. ನಿಂಗೆ ತೋಚಿದ್ದು ತಗೋ” ಎಂದಳು.

ಭಾಷೆಗಳು ಎಂದೆ. ಮೇಷ್ಟ್ರು ಬರೆದುಕೊಂಡರು. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮ ಬಾಗಿಲು ದಾಟಿದ್ದಳು, ಅವಳ ಶಿಫ್ಟಿಗೆ ಹೊತ್ತಾಗುತ್ತಿತ್ತು.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ಕಾಲೇಜಿನಲ್ಲಿ ಏನು ಓದುತ್ತಿದ್ದೀಯೆ ಎಂದು ಅಮ್ಮ ಇವತ್ತಿನವರೆಗೂ ಕೇಳಿಲ್ಲ.